ಮೆಟ್ಟಿಲ ಮೇಲಿನ ರಾಮ, ನೆಲದ ಮೇಲಿನ ರಾಮಾಯಣ

ಪುಸ್ತಕ ಪ್ರಕಟವಾದರೆ ನಾವು ವಿಮರ್ಶೆ ಬರೆಯುತ್ತೇವೆ. ನಾಟಕ ರಂಗವೇರಿದರೆ ಅದರ ಗುಣದೋಷಗಳನ್ನು ಎಣಿಸುತ್ತೇವೆ. ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರ ಮಾತು ಎಲ್ಲಿಯಾದರೂ ಜಾರಿತೆಂದರೆ ಅದಕ್ಕೂ ನಾಲ್ಕು ಸಾಲು ಮೀಸಲಿಡುತ್ತೇವೆ. ಆದರೆ ವರ್ಷ ವರ್ಷವೂ ಆಶ್ವಯುಜ ಶುದ್ಧ ಪಾಡ್ಯದಂದು ನಮ್ಮ ಮನೆಗಳ ಹಜಾರದಲ್ಲಿ ಏಳುವ ಗೊಂಬೆಗಳ ವಿಷಯದಲ್ಲಿ ಮಾತ್ರ "ಬಹಳ ಚೆನ್ನಾಗಿದೆ" ಎಂಬ ಒಂದೇ ಮಾತಿಗೆ ನಮ್ಮ ವಿಮರ್ಶೆ ಮುಗಿದುಹೋಗುತ್ತದೆ. ಅರಿಶಿನ ಕುಂಕುಮ, ತಾಂಬೂಲ, ಮಕ್ಕಳ ಕೈಗೆ ಬೊಂಬೆ ಬಾಗಿನದ ಪೊಟ್ಟಣ. ಅಲ್ಲಿಗೆ ಎಲ್ಲವೂ ಸಂಪನ್ನ.

ಇದಕ್ಕೆ ಕಾರಣವಿಲ್ಲದಿಲ್ಲ. ಗೊಂಬೆ ಕೂರಿಸುವುದು ಹೆಂಗಸರು ಮಕ್ಕಳ ಸಡಗರ, ಅದು ಹಬ್ಬವೇ ಹೊರತು ಕಲೆಯಲ್ಲ ಎಂಬುದು ವಿಮರ್ಶಕ ಮಹಾಶಯರ ಎಣಿಕೆ. ನಮಗೆ ಹಾಗೆನ್ನಿಸುವುದಿಲ್ಲ. ಹೊರನಾಡಿನ ಕನ್ನಡ ಮನೆಗಳಲ್ಲಿ ಇಂದು ರಾಮಾಯಣವನ್ನು ಓದುವವರು ಎಷ್ಟು ಮಂದಿ? ತೊರವೆ ರಾಮಾಯಣದ ಗಮಕ ವಾಚನವೆಂದರೆ ಎರಡು ಗಂಟೆ ಕುಳಿತು ಕೇಳುವವರು ಎಷ್ಟು ಮಂದಿ? ಕನ್ನಡ ಅಕ್ಷರವನ್ನೇ ಕಲಿಯದೆ ಬೆಳೆಯುತ್ತಿರುವ ಮಗುವಿಗೆ ತನ್ನ ಮನೆಯವರೇ ಕೈಯಾರೆ ಜೋಡಿಸಿ ತೋರಿಸುವ ರಾಮಾಯಣ ಅನೇಕ ವೇಳೆ ಇದೊಂದೇ. ಯಾವ ಪ್ರಸಂಗ ಇರಬೇಕು, ಯಾವುದು ಬೇಡ, ಯಾರು ಮೇಲೆ, ಯಾರು ಕೆಳಗೆ ಎಂದು ಮನೆಯ ಹೆಂಗಸರು ನಿಂತು ಯೋಚಿಸುವಾಗ ಅವರು ಮಾಡುತ್ತಿರುವುದು ಕಾವ್ಯವನ್ನು ಆಯ್ದು ಕಟ್ಟುವ ಕೆಲಸ. ಕವಿಯ ಆಯ್ಕೆಯನ್ನು ಪ್ರಶ್ನಿಸುವಂತೆ ಅವರ ಆಯ್ಕೆಯನ್ನೂ ಪ್ರಶ್ನಿಸುವುದು ಅವರಿಗೆ ಸಲ್ಲಿಸಬೇಕಾದ ಮರ್ಯಾದೆಯೇ ಸರಿ. ಆ ಧೈರ್ಯದಿಂದ ಈ ನಾಲ್ಕು ಮಾತು.

ಮೆಟ್ಟಿಲಿನ ಕ್ರಮ

ಗೊಂಬೆ ಕೂರಿಸುವುದು ನಮ್ಮ ಓದುಗರೆಲ್ಲರಿಗೂ ತವರಿನಿಂದ ಬಂದ ಪದ್ಧತಿಯಲ್ಲ. ಧಾರವಾಡ, ವಿಜಯಪುರದ ಕಡೆಯವರಿಗೆ ನವರಾತ್ರಿಯೆಂದರೆ ಘಟ್ಟ ಹಾಕುವುದು, ಒಂಬತ್ತು ದಿನ ಆರದ ನಂದಾದೀಪ, ಕೊನೆಗೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುವುದು. ಮಂಗಳೂರು, ಉಡುಪಿಯವರಿಗೆ ಶಾರದೆಯ ಪೂಜೆ, ಬೀದಿಯಲ್ಲಿ ಹುಲಿವೇಷ. ಗೊಂಬೆ ಮುಖ್ಯವಾಗಿ ಹಳೆಯ ಮೈಸೂರು ಸೀಮೆಯ ಮನೆಗಳದು. ಆದರೆ ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ನಾವೆಲ್ಲ ಒಂದೇ ಕಟ್ಟಡದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಬಾಳಿದವರು. ಒಬ್ಬರ ಹಬ್ಬ ಇನ್ನೊಬ್ಬರಿಗೆ ದಾಟಿದೆ. ತಮಿಳರ ಕೊಲು, ತೆಲುಗರ ಬೊಮ್ಮಲ ಕೊಲುವು ನಮ್ಮ ಗೊಂಬೆಗಳ ಜೊತೆ ಬೆರೆತಿವೆ. ಆದ್ದರಿಂದ ಕ್ರಮವನ್ನು ಚುಟುಕಾಗಿಯಾದರೂ ಹೇಳಿಬಿಡುವುದು ಒಳ್ಳೆಯದು.

ಮೆಟ್ಟಿಲುಗಳು ಬೆಸ ಸಂಖ್ಯೆಯವು: ಮೂರು, ಐದು, ಏಳು, ಅನುಕೂಲವಿದ್ದವರಿಗೆ ಒಂಬತ್ತು. ಈಗ ಬಿಚ್ಚಿ ಜೋಡಿಸುವ ಕಬ್ಬಿಣದ ಮೆಟ್ಟಿಲು ಬಂದಿದೆ. ಹಿಂದೆ ಟ್ರಂಕು, ಬಿಸ್ಕತ್ತಿನ ಡಬ್ಬ, ಹಲಗೆ, ಕಟ್ಟು ಕಟ್ಟಿದ ಹಳೆಯ ಪುಸ್ತಕಗಳೇ ಮೆಟ್ಟಿಲಾಗುತ್ತಿದ್ದವು. ಮೇಲೊಂದು ಮಡಿ ಪಂಚೆ ಹೊದಿಸಿದರೆ ಒಳಗಿನದು ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲಕ್ಕೂ ಮೇಲೆ ಕಲಶ ಮತ್ತು ಪಟ್ಟದ ಗೊಂಬೆಗಳು. ರಕ್ತಚಂದನದಲ್ಲಿ ಕೆತ್ತಿದ ಈ ರಾಜ ರಾಣಿಯರಿಗೆ ವರ್ಷ ವರ್ಷವೂ ಹೊಸ ಜರತಾರಿ ಉಡಿಸುತ್ತಾರೆ. ಮಗಳ ಮದುವೆಯಲ್ಲಿ ಅವಳ ಜೊತೆ ಕಳಿಸಿಕೊಡುವ ಗೊಂಬೆಗಳೂ ಇವೇ. ಅವುಗಳ ಕೆಳಗೆ ದೇವರು, ದಶಾವತಾರ. ಅದಕ್ಕೂ ಕೆಳಗೆ ಋಷಿಗಳು, ದಾಸರು, ಶರಣರು. ಆಮೇಲೆ ಮದುವೆಯ ದಿಬ್ಬಣ, ವಾಲಗದವರು, ಸಿಪಾಯಿಗಳು. ಕೊನೆಯ ಮೆಟ್ಟಿಲಲ್ಲಿ ಹೊಟ್ಟೆ ಬಿಟ್ಟುಕೊಂಡು ಕುಳಿತ ಸೆಟ್ಟಿ, ಪಕ್ಕದಲ್ಲಿ ಸೆಟ್ಟಿಯ ಹೆಂಡತಿ, ಮುಂದೆ ಅಕ್ಕಿ ಬೇಳೆ ಬೆಲ್ಲದ ಅಂಗಡಿ. ಮೆಟ್ಟಿಲು ಮುಗಿದ ಮೇಲೆ ನೆಲದ ಮೇಲೆ ಮಕ್ಕಳ ರಾಜ್ಯ. ಅದಕ್ಕೆ ಪಾರ್ಕು ಎಂದು ಹೆಸರು. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯ ಪೈರು, ಕನ್ನಡಿಯ ಕೆರೆ, ಮರಳಿನ ದಾರಿ, ಕಲ್ಲು ಮಣ್ಣಿನ ಬೆಟ್ಟ, ಚನ್ನಪಟ್ಟಣದ ಆನೆ ಕುದುರೆ.

ಈ ಏರ್ಪಾಡಿನಲ್ಲಿ ಒಂದು ಅಚ್ಚುಕಟ್ಟಾದ ಲೋಕವಿದೆ. ಅದು ದರ್ಬಾರಿನ ಲೋಕ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದ ದಸರಾ ಉತ್ಸವದ ನೆನಪು ಈ ಮನೆಗಳಲ್ಲಿ ಪಟ್ಟದ ಗೊಂಬೆಯ ರೂಪದಲ್ಲಿ ಉಳಿದಿದೆ. ಮೈಸೂರಿನ ಅರಮನೆಗೆ ಹೋದವರು ಅಲ್ಲಿನ ಗೊಂಬೆ ತೊಟ್ಟಿಯನ್ನು ನೋಡಿಯೇ ಇರುತ್ತೀರಿ. ಮೆಟ್ಟಿಲೆಂದರೆ ಅಂತಸ್ತು. ಯಾರು ಎಲ್ಲಿ ಕೂರಬೇಕೆಂಬುದನ್ನು ಅದು ಬಹಳ ಸ್ಪಷ್ಟವಾಗಿ ಹೇಳುತ್ತದೆ. ಯಾರಿಗೆ ಏನಾಯಿತೆಂಬುದನ್ನು ಹೇಳುವುದು ಮಾತ್ರ ಅದಕ್ಕೆ ಸುಲಭವಲ್ಲ. ನಮ್ಮ ತಕರಾರು ಹುಟ್ಟುವುದು ಇಲ್ಲಿಯೇ.

ಕಥೆ ಯಾವ ಕಡೆಗೆ ಹೋಗುತ್ತದೆ?

ರಾಮಾಯಣ ಒಂದು ಪಯಣದ ಕಥೆ. ಅಯೋಧ್ಯೆಯಿಂದ ಚಿತ್ರಕೂಟ, ಅಲ್ಲಿಂದ ಪಂಚವಟಿ, ಅಲ್ಲಿಂದ ಕಿಷ್ಕಿಂಧೆ, ಸಮುದ್ರ, ಲಂಕೆ, ಮತ್ತೆ ಅಯೋಧ್ಯೆ. ಇಷ್ಟು ದೂರ ನಡೆಯುವ ಕಥೆಯನ್ನು ಅಂತಸ್ತಿನ ಮೆಟ್ಟಿಲ ಮೇಲೆ ಹತ್ತಿಸಿದರೆ ಏನಾಗುತ್ತದೆ ನೋಡಿ. ಪಟ್ಟಾಭಿಷೇಕ ಮಂಗಳಕರವಾದದ್ದು, ಆದ್ದರಿಂದ ಅದು ಮೇಲಕ್ಕೆ. ಸೀತಾಕಲ್ಯಾಣ ಅದರ ಕೆಳಗೆ. ಕಾಡು, ಗುಹನ ದೋಣಿ, ಶಬರಿ ಇವೆಲ್ಲ ಇನ್ನೂ ಕೆಳಗೆ, ಜಾಗವಿದ್ದ ಕಡೆ. ಕಣ್ಣು ಮೇಲಿಂದ ಕೆಳಕ್ಕೆ ಇಳಿದರೆ ಕಥೆ ಹಿಂದುಮುಂದಾಗಿ ನಡೆಯುತ್ತದೆ. ಎಡದಿಂದ ಬಲಕ್ಕೆ ನೋಡಿದರೆ ಪುತ್ರಕಾಮೇಷ್ಟಿಯ ಪಾಯಸದ ಪಕ್ಕದಲ್ಲೇ ಸೇತುವೆ ಕಟ್ಟುವ ಕಪಿಗಳಿರುತ್ತಾರೆ. ಗೊತ್ತಿದ್ದವರಿಗೆ ತೊಂದರೆಯಿಲ್ಲ. ಗೊತ್ತಿಲ್ಲದ ಮಗುವಿಗೆ ಅದು ಬಣ್ಣ ಬಣ್ಣದ ಗುಂಪು ಮಾತ್ರ.

ಇದಕ್ಕೆ ಪರಿಹಾರವನ್ನು ನಮ್ಮ ನಾಡಿನ ಶಿಲ್ಪಿಗಳು ಎಂದೋ ಕಂಡುಕೊಂಡಿದ್ದರು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಮಂಟಪದ ದಕ್ಷಿಣದ ಹೊರಗೋಡೆಯ ಮೇಲೆ 70 ಫಲಕಗಳಲ್ಲಿ ರಾಮಾಯಣವನ್ನು ಕೆತ್ತಿದ್ದಾರೆ. ಉತ್ತರದ ಕಡೆ ಕೃಷ್ಣನ ಬಾಲ್ಯಕ್ಕೆ 25, ಮಹಾಭಾರತಕ್ಕೆ 45. ವಿಶೇಷವೆಂದರೆ ಅಲ್ಲಿ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ, ಉತ್ತರದ ಕಥೆಗಳು ಪ್ರದಕ್ಷಿಣವಾಗಿ ಸಾಗುತ್ತವೆ. ಯಾವ ದಿಕ್ಕಾದರೂ ಆಗಲಿ, ಒಂದು ದಿಕ್ಕು ಇದೆ. ನೋಡುವವನು ನಡೆಯಬೇಕು, ನಡೆದಂತೆ ಕಥೆಯೂ ನಡೆಯುತ್ತದೆ.

ಹಂಪೆಯ ಹಜಾರರಾಮ ದೇವಾಲಯ ಇನ್ನೂ ಹತ್ತಿರದ ಉದಾಹರಣೆ. ಅದರ ಪ್ರಾಕಾರದ ಗೋಡೆಯ ಹೊರಮೈಯಲ್ಲಿ ಒಂದರ ಮೇಲೊಂದು ಸಾಲುಗಳು: ಆನೆ, ಕುದುರೆ, ಕಾಲಾಳು, ನರ್ತಕಿಯರು. ಮಹಾನವಮಿಯ ಮೆರವಣಿಗೆಯೇ ಕಲ್ಲಾದಂತೆ ಕಾಣುವ ಸಾಲುಗಳವು. ಒಳಗೆ ಹೋದರೆ ಗುಡಿಯ ಗೋಡೆಗೆ ಮೂರು ಸಾಲಾಗಿ ಸುತ್ತಿಕೊಂಡ ರಾಮಾಯಣ. ಒಂದು ಸಾಲಿಗೆ ಒಂದು ಪ್ರದಕ್ಷಿಣೆ, ಮೂರು ಸುತ್ತು ಬಂದರೆ ಕಥೆ ಮುಗಿಯಿತು. ಅಂತಸ್ತಿನ ಸಾಲು ಹೊರಗೆ, ಕಥೆಯ ಸಾಲು ಒಳಗೆ. ಎರಡನ್ನೂ ಬೆರೆಸಲಿಲ್ಲ. ನಮ್ಮ ಗೊಂಬೆಯ ಮನೆಗಳಲ್ಲಿ ಆಗಿರುವ ಎಡವಟ್ಟು ಈ ಎರಡನ್ನೂ ಒಂದೇ ಮೆಟ್ಟಿಲಿಗೆ ಹತ್ತಿಸಿರುವುದು.

ಸೆಟ್ಟಿನಲ್ಲಿ ಬಂದ ಪಟ್ಟಾಭಿಷೇಕ

ಹಿಂದೆ ಗೊಂಬೆಗಳು ಒಂದೊಂದಾಗಿ ಮನೆ ಸೇರುತ್ತಿದ್ದವು. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಕೊಳ್ಳಬೇಕೆಂಬುದು ವಾಡಿಕೆ. ಕೊಪ್ಪಳದ ಸೀಮೆಯ ಕಿನ್ನಾಳದ ಚಿತ್ರಗಾರರ ಮರದ ಗೊಂಬೆ, ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಹಗುರ ಮರದ ದಶಾವತಾರ, ಕಡಲೂರು ಜಿಲ್ಲೆಯ ಪಣ್ರುಟ್ಟಿಯ ಮಣ್ಣಿನ ಗೊಂಬೆ, ಚನ್ನಪಟ್ಟಣದ ಅರಗಿನ ಬಣ್ಣದ ಗುಂಡು ಗೊಂಬೆ. ಒಂದೊಂದರ ಮುಖ ಒಂದೊಂದು ಬಗೆ, ಗಾತ್ರವೂ ಹಾಗೆಯೇ. ಕೊಂಡಪಲ್ಲಿಯ ರಾವಣನಿಗಿಂತ ಚನ್ನಪಟ್ಟಣದ ಗಿಳಿ ದೊಡ್ಡದಾಗಿರುತ್ತಿತ್ತು. ಯಾರೂ ಅದನ್ನು ದೋಷವೆಂದು ತಿಳಿದಿರಲಿಲ್ಲ. ಪ್ರತಿಯೊಂದು ಗೊಂಬೆಯ ಹಿಂದೆಯೂ ಅದನ್ನು ಯಾರು ಎಲ್ಲಿಂದ ತಂದರೆಂಬ ಒಂದು ಚಿಕ್ಕ ಕಥೆ ಇರುತ್ತಿತ್ತು.

ಈಗ ಗೊಂಬೆಗಳು ಸೆಟ್ಟಾಗಿ ಬರುತ್ತವೆ. ಚೆನ್ನೈಯ ಮಯಿಲಾಪುರದಲ್ಲಿ ಕಪಾಲೀಶ್ವರನ ಗುಡಿಯ ಸುತ್ತಿನ ಮಾಡಬೀದಿಗಳಲ್ಲಿ, ನಮ್ಮ ಮಾಟುಂಗಾದ ಅಂಗಡಿಗಳಲ್ಲಿ, ಈಚೆಗೆ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಮನೆಯ ಬಾಗಿಲಿಗೇ. ಸೀತಾಕಲ್ಯಾಣದ ಸೆಟ್ಟು, ಗುಹನ ಸೆಟ್ಟು, ಪಟ್ಟಾಭಿಷೇಕದ ಸೆಟ್ಟು. ಇವುಗಳಿಂದ ಅನುಕೂಲವಿಲ್ಲವೆಂದು ನಾವು ಹೇಳುವುದಿಲ್ಲ. ಬೆಳಗ್ಗೆ ಎಂಟರ ಲೋಕಲ್ ಹಿಡಿಯಬೇಕಾದ ಹೆಣ್ಣುಮಗಳು ಒಂದೊಂದೇ ಗೊಂಬೆಯನ್ನು ಹುಡುಕಿ ತರಲೆಂದು ಬಯಸುವುದು ಅನ್ಯಾಯ. ಆದರೆ ಸೆಟ್ಟು ಕೊಂಡಾಗ ಗೊಂಬೆಯ ಜೊತೆಗೆ ಮತ್ತೊಬ್ಬರ ಆಯ್ಕೆಯನ್ನೂ ಕೊಂಡಂತಾಯಿತು ಎಂಬುದು ನೆನಪಿರಬೇಕು.

ಅತಿ ಹೆಚ್ಚು ಮನೆಗಳಲ್ಲಿ ಕಾಣುವ ಪಟ್ಟಾಭಿಷೇಕವನ್ನೇ ತೆಗೆದುಕೊಳ್ಳಿ. ನಡುವೆ ರಾಮಸೀತೆಯರು, ಹಿಂದೆ ಛತ್ರ ಚಾಮರ ಹಿಡಿದ ತಮ್ಮಂದಿರು, ಕಾಲ ಬಳಿ ಆಂಜನೇಯ, ದೊಡ್ಡ ಸೆಟ್ಟಾದರೆ ವಸಿಷ್ಠ, ವಿಭೀಷಣ, ಸುಗ್ರೀವ, ಜಾಂಬವಂತ. ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದಾರೆ. ಒಬ್ಬರೂ ಒಬ್ಬರನ್ನು ನೋಡುತ್ತಿಲ್ಲ. ಮದುವೆಯ ಮನೆಯಲ್ಲಿ ಛಾಯಾಗ್ರಾಹಕ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ ಇದ್ದ ಹಾಗೆ. ಮುಖಗಳೂ ಒಂದೇ ಅಚ್ಚಿನವು. ಮೀಸೆ ತೆಗೆದರೆ ವಸಿಷ್ಠರು, ಬಾಲ ತೆಗೆದರೆ ಸುಗ್ರೀವ ಎಂದು ಗುರುತಿಸುವುದೂ ಕಷ್ಟ. ಈ ಮುಖಕ್ಕೂ ಒಂದು ಚರಿತ್ರೆ ಉಂಟು. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಆರಂಭವಾದದ್ದು ನಮ್ಮ ಮುಂಬಯಿಯಲ್ಲೇ. ಅಲ್ಲಿ ಅಚ್ಚಾದ ದೇವರ ಪಟಗಳು, ಆ ಬಳಿಕ ಬಂದ ಕ್ಯಾಲೆಂಡರುಗಳು, 1987–88ರ ದೂರದರ್ಶನದ ರಾಮಾಯಣ ಎಲ್ಲವೂ ಸೇರಿ ರಾಮನಿಗೆ ಒಂದೇ ಮುಖವನ್ನು ಗೊತ್ತುಮಾಡಿಬಿಟ್ಟಿವೆ. ಕಿನ್ನಾಳದ ಗೊಂಬೆಯ ಅಗಲ ಕಣ್ಣು, ಗಟ್ಟಿ ಬಣ್ಣ, ಸ್ವಲ್ಪ ಒರಟಾದ ಠೀವಿ ಈ ನಯವಾದ ಮುಖಗಳ ನಡುವೆ ಹೊರಗಿನವರಂತೆ ಕಾಣತೊಡಗಿರುವುದು ದುಃಖದ ಸಂಗತಿ.

ನಿಶ್ಚಲತೆಯ ಚೆಲುವು

ಹಾಗಾದರೆ ಗೊಂಬೆಗೆ ರಾಮಾಯಣ ಒಗ್ಗುವುದೇ ಇಲ್ಲವೆ? ಒಗ್ಗುತ್ತದೆ. ಆದರೆ ಎಲ್ಲ ಪ್ರಸಂಗಗಳೂ ಒಗ್ಗುವುದಿಲ್ಲ. ಹಬ್ಬದ ಗೊಂಬೆ ಅಲುಗುವುದಿಲ್ಲ. ಉಪ್ಪಿನಕುದ್ರಿನ ಸೂತ್ರದ ಗೊಂಬೆಗಾಗಲಿ, ಬಳ್ಳಾರಿಯ ಕಡೆಯ ತೊಗಲುಗೊಂಬೆಗಾಗಲಿ ಆಡಿಸುವವನ ಕೈಯುಂಟು, ಭಾಗವತನ ದನಿಯುಂಟು. ಅಲ್ಲಿ ಯುದ್ಧವನ್ನು ಹೂಡಬಹುದು, ಲಂಕೆಯನ್ನು ಸುಡಬಹುದು. ಮೆಟ್ಟಿಲ ಮೇಲೆ ಮಣ್ಣಿನ ರಾಮ ಮಣ್ಣಿನ ಬಿಲ್ಲನ್ನು ಎಳೆದು ಹತ್ತು ದಿನ ಹಾಗೆಯೇ ನಿಂತರೆ ಅದು ವೀರರಸವಾಗುವುದಿಲ್ಲ, ಕೈನೋವಾಗುತ್ತದೆ. ಮಾಯಾಮೃಗದ ಬೆನ್ನಟ್ಟುವಿಕೆ, ಧನುರ್ಭಂಗ, ರಾಮ ರಾವಣರ ಕಾಳಗ ಇವು ನಮ್ಮ ಕಣ್ಣಿಗೆ ಸೋತ ಗೊಂಬೆಗಳು. ರಾವಣನ ಹತ್ತು ತಲೆಗಳೇ ಗೊಂಬೆ ಮಾಡುವವನಿಗೆ ಪೀಕಲಾಟ. ನಡುವಿನ ತಲೆ ಬಿಟ್ಟರೆ ಉಳಿದದ್ದು ಒಂಬತ್ತು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು. ಪಾಪ, ಲಂಕೇಶ್ವರ ಒಂದು ಕಡೆಗೆ ವಾಲಿಕೊಂಡೇ ಯುದ್ಧ ಮಾಡಬೇಕು.

ಗೆದ್ದ ಗೊಂಬೆಗಳು ಯಾವುವು? ಮೊದಲನೆಯದು, ಮಕ್ಕಳೆಲ್ಲರ ಮೆಚ್ಚಿನ ಕುಂಭಕರ್ಣ. ನಡುವೆ ಬೆಟ್ಟದಂತೆ ಮಲಗಿದ ದೇಹ. ಸುತ್ತ ನಗಾರಿ ಬಡಿಯುವವರು, ಕಹಳೆ ಊದುವವರು, ಈಟಿಯಿಂದ ತಿವಿಯುವವರು, ಎದೆಯ ಮೇಲೆ ಹತ್ತಿದ ಆನೆ. ಇಲ್ಲಿ ಅಲುಗದಿರುವುದೇ ಕಥೆ. ಗೊಂಬೆಯ ಜಡತ್ವವೇ ಕುಂಭಕರ್ಣನ ನಿದ್ದೆಯಾಗಿ ಅರ್ಥ ಪಡೆಯುತ್ತದೆ. ವಾಲ್ಮೀಕಿಯಲ್ಲಿ ಅವನಿಗಾಗಿ ರಾಶಿ ಹಾಕುವುದು ಮಾಂಸ, ತುಂಬಿಡುವುದು ರಕ್ತದ ಕೊಡ. ನಮ್ಮ ಮನೆಗಳಲ್ಲಿ ಅದು ಅನ್ನದ ರಾಶಿ, ಲಡ್ಡುವಿನ ತಟ್ಟೆ. ಲಂಕೆಯ ರಾಕ್ಷಸರು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಸಸ್ಯಾಹಾರಿಗಳಾಗಿರುತ್ತಾರೆ. ಇರಲಿ, ಅದರಲ್ಲೂ ಒಂದು ಮುಗ್ಧತೆ ಇದೆ.

ಎರಡನೆಯದು ಅಶೋಕವನದ ಸೀತೆ. ಶಿಂಶಪಾ ವೃಕ್ಷದ ಕೆಳಗೆ ಮಂಡಿಗೆ ಕೈ ಕಟ್ಟಿ ಕುಳಿತ ಒಂಟಿ ಹೆಣ್ಣು. ಎದುರಿಗೆ ಉಂಗುರ ಹಿಡಿದ ಪುಟ್ಟ ಹನುಮ. ಕಾಯುವುದೇ ಇಲ್ಲಿನ ಕ್ರಿಯೆಯಾದ್ದರಿಂದ ಗೊಂಬೆ ಕಾಯುತ್ತ ಕುಳಿತರೂ ಸುಳ್ಳೆನ್ನಿಸುವುದಿಲ್ಲ. ಸಾಮಾನ್ಯವಾಗಿ ಗೊಂಬೆಗಳಲ್ಲಿ ಸೀತೆ ಮೂರು ಬಾರಿ ಬರುತ್ತಾಳೆ: ಮದುಮಗಳಾಗಿ, ಅಶೋಕವನದಲ್ಲಿ, ಸಿಂಹಾಸನದ ಮೇಲೆ. ಮೂರರಲ್ಲಿ ಅವಳು ಯಾರ ಎಡಗಡೆಗೂ ಅಲ್ಲದೆ ತಾನೇ ಕಥೆಯ ನಡುವೆ ಇರುವುದು ಇಲ್ಲೊಂದೇ ಕಡೆ.

ಮೂರನೆಯದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು, ಪಾದುಕಾ ಪಟ್ಟಾಭಿಷೇಕ. ಇದು ಬಹಳ ಮನೆಗಳಲ್ಲಿ ಕಾಣಸಿಗುವುದಿಲ್ಲ. ಒಂದು ಸಿಂಹಾಸನ, ಅದರ ಮೇಲೆ ಒಂದು ಜೊತೆ ಪಾದುಕೆ, ಕೆಳಗೆ ನಾರುಡೆಯುಟ್ಟ ಭರತ. ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ನಡೆದ ರಾಜ್ಯಭಾರ ಇಷ್ಟರಲ್ಲೇ ಬಂದುಬಿಡುತ್ತದೆ. ಅಲ್ಲಿ ರಾಮನ ಗೊಂಬೆ ಇಲ್ಲದಿರುವುದೇ ರಾಮನ ಇರವು. ಇದಕ್ಕೆ ಪೇಟೆಯ ಸೆಟ್ಟೂ ಬೇಡ. ಮನೆಯಲ್ಲಿರುವ ಪುಟ್ಟ ಮಂಟಪ, ಬೆಂಡಿನಲ್ಲಿ ಕೊರೆದ ಪಾದುಕೆ ಸಾಕು. ಮನೆ ಬಿಟ್ಟು ಬಂದವರ ಕಡೆಯಿಂದಲ್ಲದೆ, ಊರಿನಲ್ಲಿ ಉಳಿದು ಅವರ ವಸ್ತುಗಳನ್ನು ಜೋಪಾನ ಮಾಡಿಕೊಂಡು ಕಾಯುವವರ ಕಡೆಯಿಂದ ಕಥೆಯನ್ನು ನೋಡುವ ಪ್ರಸಂಗವಿದು. ಊರಲ್ಲಿ ಮುಚ್ಚಿದ ಮನೆಯ ಬೀಗದ ಕೈ ಇಟ್ಟುಕೊಂಡ ಅಣ್ಣ ತಮ್ಮಂದಿರುಳ್ಳ ನಮ್ಮಂಥವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಂಗಳ ಮತ್ತು ಮೌನ

ಇನ್ನು ಇಲ್ಲದ ಗೊಂಬೆಗಳ ಮಾತು. ವಾಲಿ ಮರದ ಮರೆಯ ಬಾಣಕ್ಕೆ ಬಿದ್ದದ್ದು ಇಲ್ಲ. ಮೂಗು ಕೊಯ್ಸಿಕೊಂಡ ಶೂರ್ಪನಖಿ ಇಲ್ಲ. ಊರ್ಮಿಳೆ ಇಲ್ಲ, ಮಂಡೋದರಿ ಇಲ್ಲ. ಅಗ್ನಿಪರೀಕ್ಷೆ ಇಲ್ಲ. ಉತ್ತರಕಾಂಡವಂತೂ ಕಥೆಯಲ್ಲಿ ಇತ್ತೆಂಬುದರ ಸುಳಿವೂ ಇಲ್ಲ. ಮಹಾಭಾರತದ ಗತಿಯೂ ಇದೇ. ಹದಿನೆಂಟು ದಿನದ ಯುದ್ಧವೆಲ್ಲ ಗೀತೋಪದೇಶದ ಒಂದು ರಥದೊಳಗೆ ಅಡಗಿ ಕುಳಿತಿರುತ್ತದೆ. ಎರಡು ಕಡೆಯ ಸೈನ್ಯವೂ ಇಲ್ಲದ ಬಯಲಿನಲ್ಲಿ ಅರ್ಜುನ ಯಾರನ್ನು ಕಂಡು ಅಳುತ್ತಿದ್ದಾನೆಂದು ಮಗು ಕೇಳಿದರೆ ಏನು ಹೇಳುವುದು?

ಹಿರಿಯರು ಇದಕ್ಕೆ ಕೊಡುವ ಉತ್ತರ ನಮಗೆ ತಿಳಿಯದ್ದಲ್ಲ. ದೇವಿಯನ್ನು ಬರಮಾಡಿಕೊಂಡ ಒಂಬತ್ತು ದಿನ ಮನೆಯಲ್ಲಿ ಅಳು, ಜಗಳ, ಸಾವುಗಳ ಚಿತ್ರ ಯಾಕೆ? ಮುತ್ತೈದೆಯರು ಬಂದು ಆರತಿ ಎತ್ತುವ ಕಡೆ ಸೀತೆಯನ್ನು ಕಾಡಿಗೆ ಕಳಿಸುವುದು ಶೋಭೆಯೆ? ಈ ಮಾತಿನಲ್ಲಿ ತೂಕವಿದೆ. ಹಬ್ಬವನ್ನು ವಿಚಾರಗೋಷ್ಠಿ ಮಾಡಬೇಕೆಂಬ ಹಠ ನಮಗಿಲ್ಲ. ಅಗ್ನಿಕುಂಡವನ್ನು ಮೆಟ್ಟಿಲ ಮೇಲೆ ಇಡಿ ಎಂದೂ ನಾವು ಹೇಳುವುದಿಲ್ಲ.

ಆದರೆ ಕನ್ನಡದ ರಾಮಾಯಣ ಪರಂಪರೆ ಈ ನೋವುಗಳಿಗೆ ಬೆನ್ನು ತಿರುಗಿಸಿದ್ದಲ್ಲ ಎಂಬುದನ್ನೂ ಮರೆಯಬಾರದು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣ ಒಳಗೇ ಬೇಯುವ ಮನುಷ್ಯ. ಅವನಲ್ಲಿ ದುರಂತ ನಾಯಕನನ್ನು ಗುರುತಿಸಿ ಬಿ.ಎಂ.ಶ್ರೀ. ಬರೆದರು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' (1949) ಕಾವ್ಯದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಯನ್ನು ಹೊಕ್ಕು ಬರುತ್ತಾನೆ. ಮಂಥರೆಗೂ ಊರ್ಮಿಳೆಗೂ ಅಲ್ಲಿ ಮರ್ಯಾದೆಯ ಜಾಗವಿದೆ. 1967ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಹೊರನಾಡಿನ ಸಂಘಗಳೆಲ್ಲ ಹೆಮ್ಮೆಪಟ್ಟದ್ದು ಈ ಕಾವ್ಯಕ್ಕೇ ತಾನೆ? ಆ ಹೆಮ್ಮೆಯ ಒಂದು ಎಳೆಯಾದರೂ ನಮ್ಮ ಹಜಾರದ ರಾಮಾಯಣದಲ್ಲಿ ಬೇಡವೆ?

ಪಟ್ಟಾಭಿಷೇಕವೇ ಕೊನೆ, ಅದರ ಮುಂದೆ ಏನೂ ಇಲ್ಲವೆಂದು ಕಲಿತ ಮಗು ದೊಡ್ಡದಾದ ಮೇಲೆ ಸೀತೆಯ ಪರಿತ್ಯಾಗವನ್ನು ಬೇರೆ ಯಾರ ಬಾಯಿಂದಲೋ, ಬಹುಶಃ ಹೀಯಾಳಿಸುವವರ ಬಾಯಿಂದ, ಕೇಳುತ್ತದೆ. ಆಗ ಅದಕ್ಕೆ ಎನ್ನಿಸುವುದು ಒಂದೇ: ಮನೆಯವರು ತನ್ನಿಂದ ಮುಚ್ಚಿಟ್ಟರು. ಕಷ್ಟದ ಕಥೆಯನ್ನು ಮನೆಯಲ್ಲೇ, ಅಜ್ಜಿಯ ಮಡಿಲಲ್ಲೇ, ನಮ್ಮ ಮಾತಿನಲ್ಲೇ ಮೊದಲು ಕೇಳಿದ ಮಗು ಹಾಗೆ ಕಂಗಾಲಾಗುವುದಿಲ್ಲ.

ಟ್ರಂಕಿನೊಳಗಿನ ರಾವಣ

ಇಲ್ಲಿ ಗೊಂಬೆಯ ಹಬ್ಬದ ಪರವಾಗಿ ಒಂದು ಮಾತು ಹೇಳಲೇಬೇಕು. ದಿಲ್ಲಿಯಲ್ಲಿರುವ ನಮ್ಮ ಓದುಗರು ಬಲ್ಲರು, ರಾಜೌರಿ ಗಾರ್ಡನ್ ಬಳಿಯ ತಿತಾರ್‌ಪುರದಲ್ಲಿ ದಸರಾಕ್ಕೆ ಮುಂಚೆ ರಸ್ತೆಯ ಪಕ್ಕದಲ್ಲೆಲ್ಲ ಬಿದಿರು ಕಾಗದದ ರಾವಣರು ಎದ್ದು ನಿಲ್ಲುತ್ತಾರೆ. ವಿಜಯದಶಮಿಯ ಸಂಜೆ ರಾಮಲೀಲಾ ಮೈದಾನಗಳಲ್ಲಿ ಅವರೆಲ್ಲ ಪಟಾಕಿಯ ಸದ್ದಿನಲ್ಲಿ ಬೂದಿಯಾಗುತ್ತಾರೆ. ಅದೇ ಸಂಜೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಆರತಿ ಎತ್ತಿ, ಒಂದು ಗೊಂಬೆಯನ್ನಾದರೂ ಮಲಗಿಸುತ್ತೇವೆ. ಮರುದಿನ ರಾವಣನ ಹತ್ತು ತಲೆಯ ಸಂದುಗಳಿಗೂ ಹತ್ತಿ ತುರುಕಿ, ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ, ರಾಮನಿದ್ದ ಟ್ರಂಕಿನಲ್ಲೇ ಅವನನ್ನೂ ಜೋಪಾನವಾಗಿ ಇಡುತ್ತೇವೆ. ಮುಂದಿನ ವರ್ಷಕ್ಕೆ ಅವನೂ ಬೇಕು. ಒಂದು ತಲೆ ಮುಕ್ಕಾದರೆ ಮನೆಯವರಿಗೆಲ್ಲ ಸಂಕಟ.

ಸುಡುವ ಹಬ್ಬ ಕೆಟ್ಟದ್ದು, ಮಲಗಿಸುವ ಹಬ್ಬ ಒಳ್ಳೆಯದು ಎಂಬ ತೀರ್ಪನ್ನು ನಾವು ಕೊಡುತ್ತಿಲ್ಲ. ಅವರದು ಬಯಲಿನ ಕಲೆ, ನಮ್ಮದು ಮನೆಯ ಕಲೆ. ಮನೆಯ ಕಲೆಯಲ್ಲಿ ಶತ್ರುವನ್ನೂ ಒಡೆಯದಂತೆ ಕಾಪಾಡುವುದು ಧರ್ಮ. ನಾಗಚಂದ್ರನೂ ಕುವೆಂಪು ಅವರೂ ಕಾವ್ಯದಲ್ಲಿ ಮಾಡಿದ್ದನ್ನು ನಮ್ಮ ತಾಯಂದಿರು ಹಳೆಯ ಸೀರೆಯ ತುಂಡಿನಲ್ಲಿ ಮಾಡುತ್ತ ಬಂದಿದ್ದಾರೆ. ಇಷ್ಟು ದೊಡ್ಡ ಮನಸ್ಸು ಗೊಂಬೆಯನ್ನು ಎತ್ತಿಡುವಾಗ ಇದ್ದರೆ ಕೂರಿಸುವಾಗಲೂ ಯಾಕಿರಬಾರದು?

ನೆಲದ ಮೇಲಿನ ರಾಮಾಯಣ

ನಮ್ಮ ಸಲಹೆ ಸರಳವಾದದ್ದು. ಮೆಟ್ಟಿಲು ಮೆಟ್ಟಿಲಾಗಿಯೇ ಇರಲಿ. ಅಲ್ಲಿ ಪಟ್ಟದ ಗೊಂಬೆ ಇರಲಿ, ಪಟ್ಟಾಭಿಷೇಕವೂ ಇರಲಿ, ಸೆಟ್ಟಿಯ ಅಂಗಡಿಯೂ ಇರಲಿ. ಅದು ಹಜಾರರಾಮನ ಗುಡಿಯ ಹೊರಗೋಡೆ. ರಾಮಾಯಣದ ಪಯಣ ಮಾತ್ರ ನೆಲಕ್ಕಿಳಿಯಲಿ. ಪಾರ್ಕೆಂದು ಬಿಟ್ಟ ಆ ಜಾಗದಲ್ಲಿ ಈಗ ವಿಮಾನ ನಿಲ್ದಾಣ, ಕ್ರಿಕೆಟ್ ಮೈದಾನ, ಚಂದ್ರಯಾನ ಎಲ್ಲವೂ ಬರುತ್ತಿವೆ. ಮಕ್ಕಳ ಉತ್ಸಾಹ ಅದು, ಬೇಡವೆನ್ನಲಾರೆವು. ಆದರೆ ರಾಗಿಯ ಪೈರಿಗಿಂತ ಒಳ್ಳೆಯ ದಂಡಕಾರಣ್ಯ ಯಾವುದಿದೆ? ಕನ್ನಡಿಯ ಕೆರೆ ಒಂದು ಕಡೆ ಗಂಗೆಯಾಗಲಿ, ಇನ್ನೊಂದು ಕಡೆ ಸಮುದ್ರವಾಗಲಿ. ಮರಳಿನ ದಾರಿ ಅಯೋಧ್ಯೆಯಿಂದ ಹೊರಟು ಗೋಡೆಯ ಪಕ್ಕದಲ್ಲೇ ಹೋಗಿ ಲಂಕೆಯನ್ನು ಮುಟ್ಟಲಿ. ದಾರಿ ಇದ್ದರೆ ದಿಕ್ಕು ತಾನಾಗಿ ಬರುತ್ತದೆ. ಐದೇ ಪ್ರಸಂಗ ಸಾಕು, ಗೊಂಬೆ ಇಲ್ಲದ ಕಡೆ ಮಕ್ಕಳು ಜೇಡಿಮಣ್ಣಿನಲ್ಲಿ ಮಾಡಲಿ. ವಕ್ರವಾದರೂ ಚಿಂತೆಯಿಲ್ಲ. ಒಂದೇ ಕೋಣೆಯ ಮನೆಯಾದರೆ ಒಂದು ದೊಡ್ಡ ತಟ್ಟೆಯೊಳಗೇ ಅರಣ್ಯಕಾಂಡವನ್ನು ಬೆಳೆಸಬಹುದು.

ಸಂಘಗಳ ಗೊಂಬೆ ಸ್ಪರ್ಧೆಗಳಿಗೂ ಒಂದು ಮಾತು. ಗೊಂಬೆಗಳ ಸಂಖ್ಯೆಗೆ ಇಷ್ಟು ಅಂಕ, ಅಲಂಕಾರಕ್ಕೆ ಇಷ್ಟು, ದೀಪಕ್ಕೆ ಇಷ್ಟು, ಹೊಸತನಕ್ಕೆ ಇಷ್ಟು ಎಂಬ ಪಟ್ಟಿ ಹಿಡಿದು ತೀರ್ಪುಗಾರರು ಬರುತ್ತಾರೆ. ಹಾಗಿರುವಾಗ ಹೆಚ್ಚು ಹಣ, ಹೆಚ್ಚು ಜಾಗ ಇರುವ ಮನೆಯೇ ಗೆಲ್ಲುವುದು ಸಹಜ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು: ಮನೆಯ ಮಗು ಒಂದು ಗೊಂಬೆಯ ಮುಂದೆ ನಿಂತು ಅದರ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲುದೆ? ತಡವರಿಸಿದರೂ ಸರಿ, ನಡುವೆ ಮರಾಠಿ ಹಿಂದಿ ಬೆರೆತರೂ ಸರಿ. ಅರ್ಧದಷ್ಟು ಅಂಕ ಇದಕ್ಕೇ ಇರಲಿ. ಮೂರು ಮೆಟ್ಟಿಲಿನ ಮನೆ ಒಂಬತ್ತು ಮೆಟ್ಟಿಲಿನ ಮನೆಯನ್ನು ಗೆಲ್ಲುವುದನ್ನು ಆಗ ನೋಡಬಹುದು.

ಹಜಾರರಾಮನ ಆವರಣದಲ್ಲಿ ದೊಡ್ಡ ಗುಡಿಯ ಪಕ್ಕಕ್ಕೆ ಒಂದು ಚಿಕ್ಕ ಗುಡಿಯಿದೆ. ಲವಕುಶರ ಕಥೆಯನ್ನು ಕೆತ್ತಿರುವುದು ಅದರ ಗೋಡೆಯ ಮೇಲೆ. ದೊಡ್ಡ ಗೋಡೆಯ ಪಟ್ಟಾಭಿಷೇಕಕ್ಕೆ ಅದು ಭಂಗ ತರುವುದಿಲ್ಲ, ಕಥೆಯನ್ನು ಮುಚ್ಚಿಡುವುದೂ ಇಲ್ಲ. ನಮ್ಮ ನೆಲದ ಮೇಲಿನ ದಾರಿಯ ಕೊನೆಯಲ್ಲಿಯೂ ಹಾಗೆಯೇ ಒಂದು ಪುಟ್ಟ ಪರ್ಣಕುಟಿ ಇರಲಿ. ಅಲ್ಲಿ ವಾಲ್ಮೀಕಿ, ಸೀತೆ, ಹಾಡುತ್ತಿರುವ ಇಬ್ಬರು ಹುಡುಗರು. ಅದರಲ್ಲಿ ಅಮಂಗಳವೇನೂ ಇಲ್ಲ; ತಾಯಿ ಮಕ್ಕಳು ಒಟ್ಟಿಗಿರುವ ಚಿತ್ರವದು. ಆದರೆ ಸೀತೆ ಅರಮನೆಯಲ್ಲಿರದೆ ಇಲ್ಲಿ ಯಾಕಿದ್ದಾಳೆ ಎಂದು ಒಂದಲ್ಲ ಒಂದು ಮಗು ಕೇಳಿಯೇ ಕೇಳುತ್ತದೆ. ಕೇಳಿದಾಗ ಹೇಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಇರಬೇಕು. ರಾಮಾಯಣವನ್ನು ಮೊದಲು ರಾಮನೆದುರು ಹಾಡಿದವರು ತಂದೆಯ ಊರನ್ನೇ ಕಾಣದೆ ಬೆಳೆದ ಇಬ್ಬರು ಮಕ್ಕಳು. ಹೊರನಾಡಿನ ನಮ್ಮ ಮಕ್ಕಳೂ ಆ ಸಾಲಿನಲ್ಲಿ ಕೂರಲು ತಕ್ಕವರೇ.